ಚಿವುಟುವ ಕೈ, ತೂಗುವ ಕೈ

ಜನರನ್ನು ಕೆಲಸದಿಂದ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ನಲ್ಲಿ, ಪೈಪು ತಯಾರಿಸುವ ಕಂಪನಿಯೊಂದರಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಆಗಿ ಎಷ್ಟೋ ಜನರನ್ನು ಮನೆಗೆ ಕಳಿಸಿದ್ದಳು. ಒಬ್ಬರೂ ಕುರ್ಚಿ ಎತ್ತಿ ಎಸೆದಿರಲಿಲ್ಲ. ಬಂದವರನ್ನು ಕೂರಿಸುವುದು, ನೀರಿನ ಲೋಟವನ್ನು ಅವರ ಮುಂದಕ್ಕೆ ಸರಿಸುವುದು, ಒಂದು ಗುಟುಕು ಒಳಗೆ ಹೋಗುವವರೆಗೆ ಕಾಯುವುದು, ಆಮೇಲೆ ಹೇಳುವುದು. ಗಂಟಲಲ್ಲಿ ನೀರಿದ್ದಾಗ ಮನುಷ್ಯ ಕೂಗಾಡಲಾರ ಎಂಬುದು ಅವಳು ಅನುಭವದಿಂದ ಕಂಡುಕೊಂಡಿದ್ದ ಸತ್ಯ. ಕಾರ್ಖಾನೆಯವರು ಅವಳಿಗೆ ‘ನೀರ್ಲೋಟದಮ್ಮ’ ಎಂದು ಹೆಸರಿಟ್ಟಿದ್ದರು. ಅದು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಕಡೆಗೊಂದು ದಿನ ಕಂಪನಿ ಅವಳನ್ನೂ ತೆಗೆಯಿತು. ಕೂರಿಸಿ ನೀರು ಕೊಡುವ ಸೌಜನ್ಯವೂ ಇಲ್ಲದೆ, ಒಂದು ಇಮೇಲಿನಲ್ಲಿ.

ಕೆಲವು ದಿನ ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಎದ್ದಾಗ ಸ್ವತಂತ್ರ ಸಲಹೆಗಾರ್ತಿಯಾಗಿದ್ದಳು. ಈ ಕಾಲದಲ್ಲಿ ಒಂದೇ ಕೆಲಸಕ್ಕೆ ಜೋತುಬಿದ್ದವರು ಕೆಡುತ್ತಾರೆ, ಜಾಣರು ಹತ್ತು ಕಡೆ ಕೈಯಾಡಿಸುತ್ತಾರೆ, ಇದಕ್ಕೆ ‘ಪೋರ್ಟ್‌ಫೋಲಿಯೋ ವೃತ್ತಿ’ ಎನ್ನುತ್ತಾರೆ ಎಂದು ಗಂಡನಿಗೆ ವಿವರಿಸಿದಳು. ಗಂಡ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯ ಖರೀದಿ ವಿಭಾಗದಲ್ಲಿ, ಮದುವೆಗೆ ಮುಂಚಿನಿಂದ ಅದೇ ಕುರ್ಚಿಯಲ್ಲಿ ಕೂತಿದ್ದವನು. ತಲೆಯಾಡಿಸಿದ. ಅತ್ತೆ ಮಾತ್ರ, “ಅಂದ್ರೆ ಕೆಲಸ ಇಲ್ಲ ಅಂತ ತಾನೇ?” ಎಂದು ಕೇಳಿ ಖಚಿತಪಡಿಸಿಕೊಂಡರು.

ಅತ್ತೆ ಬಟ್ಟೆ ಮಡಚುತ್ತಿದ್ದ ಹಿಂದಿನ ಕೋಣೆ ಕಚೇರಿಯಾಯಿತು. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ಸಲಹೆಗಾರ್ತಿ, ಕೋಚ್, ಮಾರ್ಗದರ್ಶಕಿ, ಭಾಷಣಕಾರ್ತಿ, ಲೇಖಕಿ ಎಂದು ಸಾಲಾಗಿ ಅಚ್ಚಾಯಿತು. ಲೇಖಕಿಯಾಗಿ ಅವಳು ಅದುವರೆಗೆ ಬರೆದದ್ದು ವಜಾ ಪತ್ರಗಳನ್ನು ಮಾತ್ರ; ಆದರೆ ಅವನ್ನು ಓದಿದವರಾರೂ ಮರೆತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಪ್ರಶ್ನೆ ಕೇಳಿ ಕೇಳಿ ಬದುಕಿನ ದಾರಿ ತೋರಿಸುವ ಕೋಚಿಂಗ್ ಕಲಿಸುವ ತರಗತಿಗೂ ಸೇರಿದಳು. ಅಲ್ಲಿದ್ದವರೆಲ್ಲ ಅವಳಂತೆಯೇ ಕೆಲಸ ಕಳೆದುಕೊಂಡು ಕೋಚ್ ಆದವರು. ಹೊರಗಿನ ಗಿರಾಕಿ ಒಬ್ಬನೂ ಸಿಗದೆ ಒಬ್ಬರಿಗೊಬ್ಬರು ಕೋಚಿಂಗ್ ಮಾಡಿ, ಒಬ್ಬರನ್ನೊಬ್ಬರು ಅದ್ಭುತ ಎಂದು ಹೊಗಳಿ ಮನೆಗೆ ಹೋಗುತ್ತಿದ್ದರು. ಒಂಟೆಯ ಮದುವೆಗೆ ಕತ್ತೆಯ ಸಂಗೀತ. ಹಾಗೇ ಕೆಲವು ತಿಂಗಳು ಕಳೆದವು.

ಕೈ ಹಿಡಿದದ್ದು ಹಳೆಯ ವಿದ್ಯೆಯೇ. ಬಿಸ್ಕತ್ತು ಕಂಪನಿಯೊಂದರ ನಿರ್ದೇಶಕರು ಫೋನ್ ಮಾಡಿ, ಕೆಲವರನ್ನು ಕಳಿಸಬೇಕಾಗಿದೆ, ಗಲಾಟೆಯಾಗದಂತೆ ನಡೆಸಿಕೊಡುವಿರಾ ಎಂದು ಕೇಳಿದರು. ಅವಳು ಹೋಗಿ ನಡೆಸಿಕೊಟ್ಟಳು. ಹಾಗೆ ಹೋದವರಿಗೆ ಹೊಸ ದಾರಿ ತೋರಿಸಲು ಕೋಚ್ ಜೊತೆ ಮೂರು ಭೇಟಿ, ಖರ್ಚು ಕಂಪನಿಯದು ಎಂಬ ಏರ್ಪಾಡನ್ನೂ ಅವಳೇ ಸೂಚಿಸಿದಳು. ಕೋಚ್ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಎರಡಕ್ಕೂ ಬೇರೆ ಬೇರೆ ಬಿಲ್ ಕಳಿಸಿದವಳು ಬಹುಶಃ ಅವಳೊಬ್ಬಳೇ. ಸುದ್ದಿ ಹಬ್ಬಿತು. ಕಂಪನಿಯ ಮೇಲೆ ಕಂಪನಿ ಕರೆಯತೊಡಗಿತು.

ಹೀಗೆ ಒಂದು ದಿನ ರಟ್ಟಿನ ಪೆಟ್ಟಿಗೆಯ ಕಂಪನಿಯಿಂದಲೂ ಕರೆ ಬಂತು. ಅಲ್ಲಿಯ ನಿರ್ದೇಶಕರು ಫೋನಿನಲ್ಲೇ ಒಂದೊಂದಾಗಿ ಹೆಸರು ಹೇಳುತ್ತ ಹೋದರು. ನಡುವೆ ಅವಳ ಗಂಡನ ಹೆಸರು ಬಂತು. ಅವರು ತನ್ನ ಯಜಮಾನರು ಎಂದು ಅವಳು ತಡೆದು ತಡೆದು ಹೇಳಿದಳು. ನಿರ್ದೇಶಕರು ಒಂದು ಕ್ಷಣವೂ ಯೋಚಿಸದೆ, “ಒಳ್ಳೇದೇ ಆಯ್ತಲ್ಲ, ಅವರ ಸ್ವಭಾವ ನಿಮಗೆ ಗೊತ್ತಿರುತ್ತೆ” ಎಂದರು. ಮುಂದಿನ ವಾರದವರೆಗೆ ವಿಷಯ ಹೊರಗೆ ಹೋಗಬಾರದೆಂದೂ ನೆನಪಿಸಿದರು.

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಈ ಕಂಪನಿಗೆ ಇನ್ನೂ ನಾಲ್ಕು ಶಾಖೆಗಳಿದ್ದವು. ಬೇರೆ ಯಾರೋ ಒರಟಾಗಿ ಹೇಳುವುದಕ್ಕಿಂತ ತಾನೇ ನಯವಾಗಿ ಹೇಳುವುದು ಗಂಡನಿಗೂ ಒಳ್ಳೆಯದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸಮಾಧಾನ ಹೇಳುವುದರಲ್ಲಿ ಅವಳ ಹತ್ತಿರ ಪ್ರಮಾಣಪತ್ರವೇ ಇತ್ತಲ್ಲ. ಆ ವಾರ ಪೂರ್ತಿ ಗಂಡನಿಗೆ ಇಷ್ಟವಾದದ್ದನ್ನೇ ಮಾಡಿದಳು. ಪಕ್ಕದಲ್ಲಿ ನಿಂತು ಬಡಿಸಿದಳು. ಅವನ ಅಂಗಿಗಳಿಗೆ ತಾನೇ ಇಸ್ತ್ರಿ ಹಾಕಿದಳು. ಗಂಡ ಏನೂ ಕೇಳಲಿಲ್ಲ. ಊಟವಾದ ಮೇಲೆ ಮೆಲ್ಲಗೆ ಹಾಡು ಗುನುಗುತ್ತ ತಟ್ಟೆ ಎತ್ತಿದ.

ಆ ದಿನ ಬಂತು. ಕಿಟಕಿಯಿಲ್ಲದ ಸಣ್ಣ ಕೋಣೆ, ಉದ್ದನೆಯ ಮೇಜು, ಪಕ್ಕದಲ್ಲಿ ಸಾಕ್ಷಿಗೆಂದು ಕೂತ ಕಂಪನಿಯ ಗುಮಾಸ್ತ. ಗಂಡ ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅವಳು ನೀರಿನ ಲೋಟ ಸರಿಸಿದಳು. ಅವನು ಮುಟ್ಟಲಿಲ್ಲ. ಅವನು ಕುಡಿಯದೆ ಅವಳಿಗೆ ಮಾತು ಶುರುವಾಗದು. ಕಾದಳು. ಗುಮಾಸ್ತ ಕೆಮ್ಮಿದ.

“ಸ್ವಲ್ಪ ನೀರು ಕುಡೀರಿ.”

“ಬಾಯಾರಿಕೆ ಇಲ್ಲ ಮೇಡಂ,” ಎಂದ ಗಂಡ. “ನೀವು ಹೇಳಿ. ನೀವು ಗೇಟಿನ ಒಳಗೆ ಬರ್ತಿದ್ದ ಹಾಗೇ ನೀರ್ಲೋಟದಮ್ಮ ಬಂದ್ರು ಅಂತ ಎಲ್ಲರಿಗೂ ಗೊತ್ತಾಯ್ತು.”

ತನ್ನ ಬಿರುದನ್ನು ಅವಳು ಮೊದಲ ಬಾರಿ ಕೇಳಿದ್ದು ಹೀಗೆ. ಆದರೂ ಗುಮಾಸ್ತನ ಎದುರು ಏನನ್ನೂ ಬಿಡುವಂತಿರಲಿಲ್ಲ. ಇದು ಅಂತ್ಯವಲ್ಲ, ಹೊಸ ಆರಂಭ ಎಂಬುದರಿಂದ ಹಿಡಿದು ಮೂರು ಭೇಟಿಗಳ ಸೌಲಭ್ಯದವರೆಗೆ ಎಲ್ಲವನ್ನೂ ಕಟ್ಟಿಕೊಂಡ ಗಂಡನಿಗೆ ಒಪ್ಪಿಸಿದಳು. ಅವನು ಸಹಿ ಹಾಕಿ, ಥ್ಯಾಂಕ್ಸ್ ಹೇಳಿ ಎದ್ದು ಹೋದ. ಲೋಟದ ನೀರನ್ನು ಅವಳೇ ಕುಡಿದಳು.

ಸಂಜೆ ಮಗ ಬೇಗ ಮನೆಗೆ ಬಂದದ್ದು ಕಂಡು ಅತ್ತೆ ವಿಚಾರಿಸಿದರು. ಕೆಲಸ ಹೋಯಿತು ಎಂದ. ತೆಗೆದವರು ಯಾರೆಂದು ಕೇಳಿದರೆ ಹೆಂಡತಿಯ ಕಡೆ ಕೈ ತೋರಿಸಿದ. ಅತ್ತೆ ಇಬ್ಬರ ಮುಖವನ್ನೂ ನೋಡಿದರು. “ಹಾಗಾದ್ರೆ ಇವಳ ಕೆಲಸ ಚೆನ್ನಾಗೇ ನಡೀತಿದೆ ಅಂತಾಯ್ತು” ಎಂದು ಟಿವಿಯ ಶಬ್ದ ಜಾಸ್ತಿ ಮಾಡಿದರು.

ಮರುದಿನ ಅವಳ ಫೋನ್ ಬಡಿದುಕೊಂಡಿತು. ಪಕ್ಕದ ಕೋಣೆಯಿಂದ ಗಂಡ. ತನಗೆ ಬರಬೇಕಾದ ಮೂರು ಭೇಟಿಗಳಲ್ಲಿ ಮೊದಲನೆಯದಕ್ಕೆ ಸಮಯ ಬೇಕೆಂದು ಕೇಳಿದ. ತಮಾಷೆ ಇರಬೇಕೆಂದು ಅವಳು ಸಮಯ ಕೊಟ್ಟಳು. ಹೇಳಿದ ಹೊತ್ತಿಗೆ ಅವನು ಇಸ್ತ್ರಿ ಅಂಗಿ ತೊಟ್ಟು, ಹೊರಗೆ ಹೋಗಿ ಕರೆಗಂಟೆ ಒತ್ತಿ, ಅತ್ತೆ ಬಾಗಿಲು ತೆಗೆದ ಮೇಲೆ ಬಂದು ಕೂತ.

ಅವಳಿಗೂ ಹಟ ಬಂತು. ಪಾಠದಲ್ಲಿ ಕಲಿತಂತೆ, ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣಲು ಬಯಸುತ್ತೀರಿ ಎಂದು ಕೇಳಿದಳು.

“ಇದೇ ಮನೇಲಿ ಮೇಡಂ. ಜಾಗ ಖಾಲಿ ಇದ್ರೆ.”

ಎರಡನೆಯ ಭೇಟಿಗೂ ಹಾಗೇ ಬಂದ. ಈ ಸಲ ಅವಳು, ಕಳೆದುಕೊಂಡದ್ದರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದಳು. ಅದೂ ಪಾಠದ್ದೇ ಪ್ರಶ್ನೆ. ಅವನು ಮೇಜಿನ ಅಂಚು ಉಜ್ಜತೊಡಗಿದ.

“ಕೆಲಸ ಹೋಗಿದ್ದಕ್ಕೆ ಏನೂ ಅನ್ನಿಸ್ತಿಲ್ಲ. ಆ ಕುರ್ಚಿ ನನಗೂ ಸಾಕಾಗಿತ್ತು. ಆ ವಾರ ನೀನು ಬಡಿಸ್ತಿದ್ದೆ ನೋಡು, ಇನ್ನೊಂದು ಸ್ವಲ್ಪ ಹಾಕ್ಲಾ ಅಂತ ಕೇಳ್ತಾ. ನಾನು ಎಷ್ಟು ಖುಷಿಯಾಗಿ ತಿಂದೆ ಗೊತ್ತಾ? ನಮ್ಮಿಬ್ಬರ ಮಧ್ಯೆ ಏನೋ ಮತ್ತೆ ಸರಿಹೋಯ್ತು ಅಂದ್ಕೊಂಡೆ.”

ಮೇಡಂ ಎಂಬುದೂ ಬಹುವಚನವೂ ಯಾವಾಗ ಬಿದ್ದುಹೋದವೋ ಅವನಿಗೇ ತಿಳಿದಿರಲಿಲ್ಲ. ಗಿರಾಕಿ ಮನಸ್ಸು ತೆರೆದಾಗ ಕೋಚ್ ಮೌನವಾಗಿರಬೇಕು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅವಳು ಮೌನವಾಗಿದ್ದಳು, ಆದರೆ ತರಗತಿಯವರು ಹೇಳಿದ್ದಕ್ಕಲ್ಲ.

“ಹೇಳ್ಬೇಕಿತ್ತು ರೀ,” ಎಂದಳು ಕೊನೆಗೆ. “ಬಾಯಿ ಬರ್ಲಿಲ್ಲ.”

ಅವನು ಹೂಂ ಎಂದ. ಕ್ಷಮಿಸಿದೆ ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ಭೇಟಿಯ ಹೊತ್ತು ಮುಗಿಯುವವರೆಗೆ ಇಬ್ಬರೂ ಕೂತೇ ಇದ್ದರು.

ಮೂರನೆಯ ಭೇಟಿಗೆ ಅವನು ಬರಲಿಲ್ಲ. ಅಷ್ಟರಲ್ಲಿ, ಯಾವ ಕೋಚಿನ ನೆರವೂ ಇಲ್ಲದೆ, ಟೈಲ್ಸ್ ಅಂಗಡಿಯೊಂದರಲ್ಲಿ ಕೆಲಸ ಹುಡುಕಿಕೊಂಡಿದ್ದ. ಹೇಗೋ ಇದು ನಿರ್ದೇಶಕರ ಕಿವಿಗೆ ಬಿತ್ತು. ಅವರು ಹಿಗ್ಗಿ ಫೋನ್ ಮಾಡಿದರು. ದಂಪತಿಗಳು ನಗುತ್ತಿರುವ ಫೋಟೋ ಕಳಿಸಿದರೆ ಕಂಪನಿಯ ಪುಸ್ತಿಕೆಯಲ್ಲಿ ಹಾಕಬಹುದು, ಬಿಟ್ಟುಹೋದವರೂ ಸುಖವಾಗಿದ್ದಾರೆ ಎಂದು ನಾಲ್ಕು ಶಾಖೆಗೂ ತಿಳಿಯುತ್ತದೆ ಎಂದರು. ಅವಳು ಬೇಡ ಎಂದಳು. ಇನ್ನು ಮುಂದೆ ಜನರನ್ನು ಕಳಿಸುವ ಕೆಲಸಕ್ಕೂ ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಎದುರಿನವರು ಅಂಗಲಾಚಬಹುದೆಂದು ಒಂದು ಕ್ಷಣ ನಿರೀಕ್ಷಿಸಿದಳು. ನಿರ್ದೇಶಕರು ಸರಿ ಎಂದು ಫೋನ್ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಅವಳದೇ ತರಗತಿಯ ಕೋಚ್ ಒಬ್ಬಳು ಆ ಕೆಲಸಕ್ಕೆ ನೇಮಕವಾಗಿದ್ದಳು. ಚಿವುಟುವ ಕೆಲಸದ ಬೆನ್ನಿಗೇ ತೂಗುವ ಕೆಲಸವೂ ಆ ಕಡೆಗೆ ಹೋಯಿತು.

ಉಳಿದ ಕಂಪನಿಗಳಿಗೂ ಅವಳು ಆಗುವುದಿಲ್ಲ ಎಂದಳು. ಈಗ ಅವಳ ಹತ್ತಿರ ತಾವಾಗಿಯೇ ಬರುವವರು ಬೆರಳೆಣಿಕೆಯಷ್ಟು. ಮೊನ್ನೆ ಬ್ಯಾಂಕಿನ ಗುಮಾಸ್ತನೊಬ್ಬ ಬಂದಿದ್ದ. ಕೆಲಸ ಬಿಟ್ಟು ಅವಳ ಹಾಗೆ ಕೋಚ್ ಆಗಬೇಕಂತೆ. ಅವಳು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು: ಇಮೇಲು, ಲೋಟ, ನಿರ್ದೇಶಕರು, ಗಂಡ, ಆ ವಾರದ ಊಟ. ಇಷ್ಟು ಕೇಳಿದ ಮೇಲಾದರೂ ಬುದ್ಧಿ ಬಂದೀತು ಎಂದುಕೊಂಡಳು. ಅವನು ಕಣ್ಣೊರೆಸಿಕೊಂಡು ಎದ್ದು, ಇಂಥ ಸ್ಫೂರ್ತಿಯ ಮಾತು ತಾನು ಕೇಳಿಯೇ ಇಲ್ಲ, ಇದನ್ನೇ ತನ್ನ ಗೆಳೆಯರ ಸಭೆಯಲ್ಲಿ ಮೈಕಿನಲ್ಲಿ ಹೇಳುವಿರಾ ಎಂದು ಕೇಳಿದ.

ಯಜಮಾನರನ್ನು ಕೇಳಿ ತಿಳಿಸುತ್ತೇನೆ ಎಂದು ಅವನನ್ನು ಕಳಿಸಿದಳು.

ಗಂಡ ಅಂಗಡಿಯಿಂದ ಬಂದು ಬೂಟು ಬಿಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡ. “ಹೇಳು, ಅದಕ್ಕೇನಂತೆ,” ಎಂದ. “ಆದ್ರೆ ಊಟದ ವಿಷಯ ಬೇಡ. ಅದು ನಮ್ಮ ಮನೇದು.”

ಅದಿಲ್ಲದಿದ್ದರೆ ಭಾಷಣ ಸಪ್ಪೆಯಾಗುತ್ತದಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.