ಬೀರಪ್ಪನ ನಾಲ್ಕನೇ ನುಡಿ

ನಮ್ಮತ್ತೆ ಶಿವಗಂಗಮ್ಮನವರು ತೀರಿಕೊಂಡು ವರ್ಷ ತುಂಬುವ ದಿನ ಏನು ಮಾಡಬೇಕೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ದಾಸೋಹ, ಊಟವಾದ ಮೇಲೆ ನಾಟಕ. ಮಟಮಟ ಮಧ್ಯಾಹ್ನ ನಾಟಕವೇ ಎಂದು ಶ್ರೀರಾಂಪುರದಲ್ಲಿ ನಕ್ಕವರಿದ್ದರು. ನಗಲಿ. ನಾಟಕ ಆಡಿಸದಿದ್ದರೆ ಅತ್ತೆ ಕೈಲಾಸದಿಂದ ಎದ್ದು ಬಂದು ನನ್ನನ್ನೇ ಬೈಯುತ್ತಿದ್ದರು.

ಪೂಜೆಯಾಗದೆ ಅವರು ಒಂದು ಗುಟುಕು ಕಾಫಿ ಕುಡಿದವರಲ್ಲ. ಹೊಳಲ್ಕೆರೆಗೆ ಕೊಟ್ಟ ಮಗಳಿಗೆ ಕೆಮ್ಮು ಬಂದರೆ ಇಲ್ಲಿ ಕಷಾಯ ಕುದಿಸಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದರು. ಊರಿನ ನಾಟಕ ಸಂಘಕ್ಕಂತೂ ಅವರು ಕೊಡದ್ದೇ ಇಲ್ಲ. ಪರದೆ, ಹಾರ್ಮೋನಿಯಂ, ಕಿರೀಟ, ಕಡೆಗೆ ನನ್ನ ಮದುವೆಯ ರೇಷ್ಮೆ ಸೀರೆ. ಅದನ್ನುಟ್ಟ ರಾಣಿ ಪಾತ್ರಧಾರಿ ಬೀಡಿ ಸೇದಿ ಸೆರಗಿಗೆ ತೂತು ಮಾಡಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮ ಕಡೆ ನಾಟಕವೆಂದರೆ ನಡುವೆ ಆಯೇರಿ ಇರಲೇಬೇಕು. ಪಾತ್ರಧಾರಿ ಯುದ್ಧ ಮಾಡುತ್ತಿರಲಿ, ಸಾಯುತ್ತಿರಲಿ, ಬೇಕಾದವರು ಸ್ಟೇಜ್ ಹತ್ತಿ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಸತ್ತವನೂ ಎದ್ದು ಕೈಮುಗಿದು ಮತ್ತೆ ಮಲಗಬೇಕು. ನಿಂತ ಹಾಡನ್ನು ಪುನಃ ಎತ್ತುವಂತಿಲ್ಲ, ಮುಂದಿನ ಮಾತಿಗೆ ಹೋಗಬೇಕು. ಇದು ಹಾರ್ಮೋನಿಯಂ ಮಾಸ್ತರ ಜಂಬಣ್ಣನ ಕಾನೂನು.

ಕುರಿ ಸಾಕುವ ಬೀರಪ್ಪ ಇಪ್ಪತ್ತೆರಡು ವರ್ಷದಿಂದ ಸಾಯುವ ರಾಜನ ಪಾತ್ರ ಮಾಡುತ್ತಿದ್ದ. ಎದೆಗೆ ಬಾಣ ನೆಟ್ಟುಕೊಂಡು ನಾಲ್ಕು ನುಡಿಯ ಹಾಡು. ಪ್ರತಿ ವರ್ಷ ಮೂರನೇ ನುಡಿ ಮುಗಿಯುತ್ತಿದ್ದಂತೆ ಅತ್ತೆ ಸ್ಟೇಜ್ ಹತ್ತಿ ಅವನ ಹಣೆಗೆ ವಿಭೂತಿ ಹಚ್ಚಿ, ಮೈಕಿನ ಮುಂದೆಯೇ “ಏನಪ್ಪ ಬೀರಪ್ಪ, ಕುರಿ ಮರಿ ಹಾಕ್ತಾ?” ಎಂದು ಕೇಳುತ್ತಿದ್ದರು. ನಾನು ಕೆಳಗೆ ಕೂತು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ. ಎಲ್ಲರಿಗೂ ಕಾಣಬೇಕೆಂಬ ಚಪಲ ಎಂದೇ ತಿಳಿದಿದ್ದೆ.

ಪುಣ್ಯಸ್ಮರಣೆಗೆ ವಾರವಿರುವಾಗ ಬೀರಪ್ಪ ಅಂಗಳಕ್ಕೆ ಬಂದ.

“ದಾಕ್ಷಾಯಿಣವ್ವಾ, ನಿಮ್ಮತ್ತೆ ದೇವ್ರಂಥೋರು, ಇಲ್ಲ ಅನ್ನಲ್ಲ. ಆದ್ರೆ ನನ್ನ ನಾಲ್ಕನೇ ನುಡಿ ಊರು ಇವತ್ತಿಗೂ ಕೇಳಿಲ್ಲ. ಮುಂದಿನ ವರ್ಸದಿಂದ ನನ್ನ ಮಗ ಕನಕರಾಜ ಈ ಪಾರ್ಟು ಮಾಡ್ತಾನೆ. ಇದೊಂದು ಸಲ ಪೂರ್ತಿ ಹಾಡಕ್ಕೆ ಬಿಡ್ರಿ.”

ಅವನ ಕಣ್ಣು ತುಂಬಿತ್ತು. ನನಗೆ ಪಾಪ ಅನ್ನಿಸಿತು. “ನನ್ನಾಣೆಗೂ ಯಾರನ್ನೂ ಹತ್ತಕ್ಕೆ ಬಿಡಲ್ಲ” ಎಂದೆ.

ಮಾತಿಗೆ ತಪ್ಪಬಾರದೆಂದು ಪುಣ್ಯಸ್ಮರಣೆಯ ದಿನ ಜನ ತಂದ ಹಾರ, ಶಾಲುಗಳನ್ನೆಲ್ಲ ಕಿತ್ತುಕೊಂಡು ಅಡಿಗೆಮನೆಯಲ್ಲಿಟ್ಟು ಬೀಗ ಜಡಿದೆ. ಸ್ಟೇಜಿನ ಮೆಟ್ಟಿಲ ಮೇಲೆ ನಾನೇ ಕಾವಲು ಕೂತೆ. ಪಕ್ಕದಲ್ಲೇ ಜಂಬಣ್ಣ ಹಾರ್ಮೋನಿಯಂ ಒತ್ತುತ್ತಿದ್ದ.

ಬಿಸಿಲಿಗೆ ರಾಜನ ಬಣ್ಣ ಇಳಿದು ಕುತ್ತಿಗೆಗೆ ಬಂದಿತ್ತು, ಮೀಸೆ ಒಂದು ಕಡೆ ಜಾರಿತ್ತು. ಆದರೂ ಬೀರಪ್ಪ ಎರಡು ನುಡಿ ಹಾಡುವಷ್ಟರಲ್ಲಿ ಶಾಮಿಯಾನದಲ್ಲಿ ಎಲೆ ಅಡಿಕೆ ಅಗಿಯುವುದೂ ನಿಂತಿತು. ಮೂರನೆಯದು ಶುರುವಾದಾಗ ಜಂಬಣ್ಣ ನನ್ನತ್ತ ಬಗ್ಗಿದ.

“ಏಳ್ರಿ, ಟೈಮಾತು.”

“ಎಲ್ಲಿಗೆ?”

“ಮ್ಯಾಲಕ್ಕೆ! ಅವ್ವ ಹೋಗ್ತಿದ್ರಲ್ಲ.”

“ಇವತ್ತು ಯಾರೂ ಹೋಗಂಗಿಲ್ಲ. ಮಾತು ಕೊಟ್ಟೀನಿ.”

ಜಂಬಣ್ಣ ಬೆರಳು ನಿಲ್ಲಿಸದೆ ಪಿಸುಗುಟ್ಟಿದ. “ಕೆಲಸ ಕೆಡ್ತು. ನಾಲ್ಕನೇದು ಮ್ಯಾಲಕ್ಕೆ ಏರ್ತೈತೆ, ಅವನ ಗಂಟಲು ಅಲ್ಲಿಗೆ ಹೋಗಲ್ಲ. ಮೇಕೆ ಕೂಗಿದಂಗೆ ಆಗ್ತೈತೆ. ತಾಲೀಮಲ್ಲಿ ಒಂದಿನಾನೂ ಹತ್ತಿಲ್ಲ. ಕೇಳಿದ್ರೆ ನೆಗಡಿ ಅಂತಾನೆ.”

“ಶ್ರುತಿ ಇಳಿಸ್ರಿ!”

“ಇಳಿಸಿದ್ರೆ ಮೊದಲನೇ ನುಡಿ ಕೇಳ್ಸದೇ ಇಲ್ಲ. ಪಾರ್ಟು ಬೇರೆಯೋರಿಗೆ ಕೊಡಾಣ ಅಂತ ಆವಾಗ್ಲೇ ಅಂದಿದ್ದೆ. ಅವ್ವ ಒಪ್ಪಲಿಲ್ಲ. ‘ಸಾಯದ್ರಲ್ಲಿ ಅವನ ಸಮ ಯಾರವ್ರೆ? ಜನ ನಗಬಾರ್ದು ಕಣೋ. ನೀನು ಸನ್ನೆ ಮಾಡು, ನಾನು ಹೋಗ್ತೀನಿ’ ಅಂದ್ರು.”

ಇಪ್ಪತ್ತೆರಡು ವರ್ಷ ನಾನು ಆ ಹೆಂಗಸನ್ನು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಹೊಸದುರ್ಗದಿಂದ ಬಂದ ಬೀರಪ್ಪನ ಬೀಗರು ಮೊಬೈಲ್ ಎತ್ತಿ ಹಿಡಿದು ಕೂತಿದ್ದರು. ಮೂರನೇ ನುಡಿಯ ಕೊನೆಯ ಸಾಲು ಬಂದೇಬಿಟ್ಟಿತು.

ಹಾರಗಳೆಲ್ಲ ಬೀಗದೊಳಗೆ. ಸ್ಟೇಜಿನ ಅಂಚಿನಲ್ಲಿದ್ದ ಅತ್ತೆಯ ಫೋಟೋದ ಹಾರವನ್ನೇ ಎಳೆದುಕೊಂಡು ಹತ್ತಿದೆ. ಬೀರಪ್ಪ ಉಸಿರು ತುಂಬಿಕೊಂಡು ಬಾಯಿ ತೆರೆದಿದ್ದ. ಕೊರಳಿಗೆ ಹಾರ ಹಾಕಿದೆ. ಏನು ಮಾತಾಡಬೇಕೋ ತೋಚಲಿಲ್ಲ.

“ಬೀರಪ್ಪಾ... ಕುರಿ ಎಲ್ಲ ಚೆನ್ನಾಗವ?”

ಶಾಮಿಯಾನ ಹಾರಿಹೋಗುವಂತೆ ಸಿಳ್ಳೆ ಬಿತ್ತು. ಬೀರಪ್ಪ ಕೈಮುಗಿದು, ಹಲ್ಲು ಕಚ್ಚಿಕೊಂಡು ಹೇಳಿದ.

“ನಿಮ್ಮತ್ತೆ ನಂಗೇನೂ ಮಾತು ಕೊಟ್ಟಿರಲಿಲ್ಲ. ನೀವು ಆಣೆ ಹಾಕಿ ಕೈಕೊಟ್ರಿ. ಅವರಿಗಿಂತ ಕಡೆ ನೀವು.”

ಆ ಸಿಟ್ಟಿನಲ್ಲೇ ಅವನು ಸತ್ತ ರೀತಿಯನ್ನು ನೋಡಬೇಕಿತ್ತು. ನನ್ನ ಗಂಡ ಮಂಜುನಾಥ ಕರವಸ್ತ್ರ ಹುಡುಕಿದರು. ನಾನು ಅಡಿಗೆಮನೆಗೆ ಹೋಗಿ, ಬೀಗ ತೆಗೆದು, ಹಾರಗಳ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ. ಅತ್ತೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಸಂಜೆ ಬೀರಪ್ಪ ಕಾಫಿಯನ್ನೂ ಮುಟ್ಟದೆ ಹೊರಟ. ಬಾಗಿಲಲ್ಲಿ ತಿರುಗಿ ನಿಂತ.

“ಕನಕರಾಜಂಗೆ ಇನ್ನೂ ಪಾರ್ಟು ಬಿಡಲ್ಲ. ಮುಂದಿನ ವರ್ಸಾನೂ ನಾನೇ ಸಾಯದು. ನಾಲ್ಕನೇ ನುಡಿ ಹಾಡೇ ಹಾಡ್ತೀನಿ. ನೀವು ಮಾತ್ರ ಹತ್ತಬಾರ್ದು, ಹೇಳೀನಿ.”

“ಹತ್ತಲ್ಲ ಬೀರಪ್ಪ, ನನ್ನಾಣೆಗೂ” ಎಂದೆ.