ಜೇನಿಗೆ ಹೇಳಿದ ಹೆಸರು

ಟ್ಯಾನ್ಸಿ ಸಾಯುವುದು ಮಂಗಳವಾರ ಎಂದು ಗೊತ್ತಾದಾಗ ಅವಳ ಅಜ್ಜಿ ಆವಿಸ್‌ಗೆ ಹೊಳೆದ ಮೊದಲ ಯೋಚನೆ, ಸದ್ಯ ಸೋಮವಾರವಲ್ಲವಲ್ಲ ಎಂಬುದು. ಸೋಮವಾರ ಹುಡುಗಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು.

ಹೀಗೆ ಮಾತಾಡುವುದು ಶೂಟಿಂಗಿನವರ ಚಾಳಿ. ಪಾತ್ರ ಸತ್ತರೆ ಪಾತ್ರದ ಹೆಸರು ಹೇಳುವ ಪುಣ್ಯಾತ್ಮರು ಅಲ್ಲಿ ಒಬ್ಬರೂ ಇಲ್ಲ, ನಟರ ಹೆಸರನ್ನೇ ಹೇಳಿಬಿಡುತ್ತಾರೆ. ಊಟಕ್ಕೆ ಮುಂಚೆ ರೂಪರ್ಟನ ಮದುವೆ ಮುಗಿಸೋಣ, ಊಟವಾದ ಮೇಲೆ ಅವನ ಅಮ್ಮನನ್ನು ಕೊಲ್ಲೋಣ, ಅಷ್ಟರಲ್ಲಿ ಮಳೆ ಬಾರದಿದ್ದರೆ ಸಾಕು ಎಂದು ಸ್ಯಾಂಡ್‌ವಿಚ್ ಕಚ್ಚುತ್ತಾ ಹೇಳುವ ಜನ ಅವರು. ಮೊದಲ ವಾರ ಆವಿಸ್ ಬೆಚ್ಚಿಬೀಳುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಅವಳ ಬಾಯಿಗೂ ಅದು ಅಂಟಿಕೊಂಡಿತ್ತು.

ಒಂಬತ್ತು ವರ್ಷದ ಟ್ಯಾನ್ಸಿಗೆ ಸಿಕ್ಕಿದ್ದು ಭಾನುವಾರ ಸಂಜೆಯ ಧಾರಾವಾಹಿಯೊಂದರ ಪಾತ್ರ. ವಿಕ್ಟೋರಿಯಾ ರಾಣಿಯ ಕಾಲದ ಸಿರಿವಂತರ ಮನೆಯ ಒಬ್ಬಳೇ ಮಗಳು ಒನೋರಿಯಾ, ಕೆಂಪುಜ್ವರ ಬಂದು ಸಾಯುವವಳು. ಭಾನುವಾರ ಇಡೀ ನಾಡು ಚಹಾ ಹಿಡಿದು ಕೂತು ಕಣ್ಣೊರೆಸಿಕೊಳ್ಳಲು ವರ್ಷಕ್ಕೊಂದು ಮಗುವಾದರೂ ಬೇಕೇ ಬೇಕು. ಮಕ್ಕಳು ನಟಿಸುವ ಕಡೆ ಕಾವಲಿಗೊಬ್ಬರು ಇರಬೇಕೆಂದು ಕಾನೂನು. ಹುಡುಗಿಯ ತಾಯಿ ಲೊರೇನ್‌ಗೆ ಆಸ್ಪತ್ರೆಯ ಪಾಳಿ ಬಿಡುವಂತಿರಲಿಲ್ಲ. ಆದ್ದರಿಂದ ಆವಿಸ್ ಪುರಸಭೆಯಿಂದ ಪರವಾನಗಿ ಪಡೆದು, ಮೊಮ್ಮಗಳ ಕೂದಲೂ ಕೊಂಕದಂತೆ ನೋಡಿಕೊಳ್ಳುತ್ತೇನೆಂದು ಮಗಳಿಗೆ ಮಾತು ಕೊಟ್ಟು, ಪೀಠೋಪಕರಣದ ಜೊತೆಗೆ ತಾನೂ ಒಂದು ಪೀಠದಂತೆ ಸ್ಕ್ಯಾರೋ ಹಾಲ್‌ನ ಮೂಲೆಗಳಲ್ಲಿ ಕೂತು ಹೆಣಿಗೆ ಹಾಕುತ್ತಿದ್ದಳು.

ಸ್ಕ್ಯಾರೋ ಹಾಲ್ ಡರ್ಬಿಶೈರಿನ ಗುಡ್ಡದ ಮಗ್ಗುಲಲ್ಲಿ ಮಸಿ ಹಿಡಿದು ನಿಂತ ದೊಡ್ಡ ಮನೆ. ಸುತ್ತ ಎಲ್ಲಿಯೂ ವಿದ್ಯುತ್ ಕಂಬ ಕಾಣದು. ಹೀಗಾಗಿ ಟೀವಿಯವರಿಗೆ ಅದರ ಮೇಲೆ ಬಲು ಪ್ರೀತಿ. ಇದುವರೆಗೆ ಅಲ್ಲಿ ನಡೆದಿದ್ದು ಬರೀ ನೃತ್ಯಕೂಟ, ನಿಶ್ಚಿತಾರ್ಥ, ಹುಲ್ಲುಹಾಸಿನ ಮೇಲೆ ಚಹಾ. ಸಾವುಗಳನ್ನೆಲ್ಲ ಬೇರೆ ಕಡೆ ತೆಗೆದಿದ್ದರು; ಈ ಮನೆಯಲ್ಲಿ ಸಾವಿನ ಚಿತ್ರೀಕರಣ ಇದೇ ಮೊದಲು.

ಮಂಗಳವಾರ ಬೆಳಿಗ್ಗೆ ಬಂದಾಗ ಕೆಲಸದವರು ಮನೆಯನ್ನು ಸಿದ್ಧಮಾಡುತ್ತಿದ್ದರು. ಟಿಕ್‌ಟಿಕ್ ಸದ್ದು ಮಾತಿನಲ್ಲಿ ಬೆರೆಯಬಾರದೆಂದು, ಮುಳ್ಳುಗಳು ಒಂದು ಶಾಟಿನಿಂದ ಇನ್ನೊಂದಕ್ಕೆ ಜಿಗಿಯಬಾರದೆಂದು ಎಲ್ಲ ಗಡಿಯಾರಗಳನ್ನೂ ನಿಲ್ಲಿಸಿದರು. ಕ್ಯಾಮೆರಾದ ನೆರಳು ಬೀಳದಿರಲೆಂದು ಕನ್ನಡಿಗಳ ಮೇಲೆ ಕಪ್ಪು ಬಟ್ಟೆ ಎಳೆದರು. ಹಗಲನ್ನು ರಾತ್ರಿ ಮಾಡಲು ಕಿಟಕಿಗಳ ಆಚೆಯಿಂದ ಕರಿ ಪರದೆ ಇಳಿಬಿಟ್ಟರು. ಟ್ಯಾನ್ಸಿಯನ್ನು ಕಂಬದ ಮಂಚದ ಮೇಲೆ ಮಲಗಿಸಿ, ಮುಖಕ್ಕೆ ಬಿಳಿ ಪುಡಿ ಬಳಿದು, ಕೈಗೆ ಬಿಳಿ ಲಿಲ್ಲಿ ಹೂ ಕೊಟ್ಟರು. ಮಹಡಿ ತಣ್ಣಗೆ ಕೊರೆಯುತ್ತಿತ್ತು.

"ಅಜ್ಜೀ, ಮೂಗು ತುರಿಸಿದ್ರೆ ಏನ್ಮಾಡ್ಲಿ?" ಎಂದು ಹುಡುಗಿ ಒಂದೇ ಕಣ್ಣು ತೆರೆದು ಕೇಳಿದಳು.

"ಸತ್ತೋರ ಮೂಗು ತುರಿಸಲ್ಲ ಕಣೇ. ಸುಮ್ನೆ ಮಲಕ್ಕೋ."

ಮೊದಲ ಟೇಕ್ ಚೆನ್ನಾಗಿಯೇ ಆಯಿತು. ಕಟ್ ಎನ್ನುತ್ತಿದ್ದಂತೆ ಹೆಣ ಎದ್ದು ಕೂತು, ಅಳುತ್ತಿದ್ದ ತಂದೆಗೆ ನಾಲಗೆ ಚಾಚಿತು. ಇನ್ನೊಮ್ಮೆ ತೆಗೆಯಲು ದೀಪಗಳನ್ನು ಸರಿಸುವಷ್ಟರಲ್ಲಿ ಹುಡುಗಿಯ ಕಾಲಿಗಾದರೂ ಬಿಸಿ ಇರಲೆಂದು ಆವಿಸ್ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿಸಿಕೊಳ್ಳಲು ಹಿಂದಿನ ಮೆಟ್ಟಿಲಿಳಿದು ಅಡಿಗೆಮನೆಗೆ ಹೋದಳು.

ಕಲ್ಲು ಹಾಸಿದ ಒಳಹಾದಿಯಲ್ಲಿ ಒಬ್ಬ ಕೆಲಸದಾಕೆ ನಿಂತಿದ್ದಳು. ಕಪ್ಪು ಉಡುಪು, ಬಿಳಿ ಟೋಪಿ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಗುಂಪಿನ ದೃಶ್ಯಕ್ಕೆ ಬಂದ ನಟಿಯಿರಬೇಕೆಂದುಕೊಂಡಳು ಆವಿಸ್. ಒಡೆದು ಕೆಂಪಾದ ಆ ಕೈಗಳನ್ನು ನೋಡಿ ಮೇಕಪ್ಪಿನವರನ್ನು ಮನಸ್ಸಿನಲ್ಲೇ ಹೊಗಳಿದಳು.

"ಅಮ್ಮಾವ್ರೇ, ಕೇಳ್ದೆ ಅಂತ ಬೇಜಾರ್ ಮಾಡ್ಕೋಬೇಡಿ," ಎಂದಳು ಆಕೆ, ತಲೆ ತಗ್ಗಿಸಿಯೇ. "ಹೋಗಿದ್ದು ಯಾರು?"

"ನಮ್ಮ ಟ್ಯಾನ್ಸಿ. ಇದೀಗ ತಾನೇ ಹೋದ್ಲು, ಪಾಪ." ತಮಾಷೆಗೆಂದು ಆವಿಸ್ ಮುಖವನ್ನೂ ಸಪ್ಪಗೆ ಮಾಡಿದಳು.

"ಚಿಕ್ಕೋರಾ?"

"ಒಂಬತ್ತು ವರ್ಷ."

ಕೆಲಸದಾಕೆ ನಗಲಿಲ್ಲ. "ಹಾಗಾದ್ರೆ ನಾನು ಹೋಗಿ ಜೇನಿಗೆ ಹೇಳ್ಬಿಟ್ ಬರ್ತೀನಿ," ಎಂದು ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ತೋಟದ ಬಾಗಿಲಿನತ್ತ ನಡೆದಳು.

ಪರವಾಗಿಲ್ಲ, ಕಥೆ ಬರೆದವರು ಸ್ವಲ್ಪ ತಿಳಿದವರೇ ಎಂದುಕೊಂಡಳು ಆವಿಸ್. ಅವಳ ಗಂಡ ವಿಲ್ಫ್ ಜೇನು ಸಾಕಿದ್ದವನು. ಮನೆಯಲ್ಲಿ ಸಾವಾದರೆ ಮೊದಲು ಜೇನಿಗೆ ತಿಳಿಸಬೇಕು, ಇಲ್ಲವಾದರೆ ಅವು ಮುನಿಸಿಕೊಂಡು ಹೋಗುತ್ತವೆ ಇಲ್ಲವೇ ಸಾಯುತ್ತವೆ ಎಂದು ಅವನು ಹೇಳುತ್ತಿದ್ದ. ಅವನೇ ಹೋದ ದಿನ ಆವಿಸ್ ಬೋಲ್ಟನ್ನಿನ ತನ್ನ ಮನೆಯ ಹಿತ್ತಲಿಗೆ ಹೋಗಿ, ಮುಂಬಾಗಿಲ ಬೀಗದ ಕೈಯಿಂದ ಪೆಟ್ಟಿಗೆಗಳನ್ನು ಒಂದೊಂದಾಗಿ ತಟ್ಟಿ, ನಿಮ್ಮ ಯಜಮಾನ ಹೋದ ಎಂದು ಹೇಳಿ ಕಪ್ಪು ಪಟ್ಟಿ ಕಟ್ಟಿದ್ದಳು. ಆಮೇಲೆ ಜೇನನ್ನು ಅವರಿವರಿಗೆ ಕೊಟ್ಟುಬಿಟ್ಟಳು. ಈಗ ಉಳಿದಿದ್ದು ಒಂದು ಖಾಲಿ ಪೆಟ್ಟಿಗೆ, ಹೂಕುಂಡ ಇಡಲಿಕ್ಕೆ.

ಎರಡನೇ ಟೇಕ್‌ನಲ್ಲಿ ಟ್ಯಾನ್ಸಿ ಅದ್ಭುತವಾಗಿ ಮಲಗಿದ್ದಳು. ತಂದೆಯ ಪಾತ್ರದವನ ಕಣ್ಣೀರು ಅವಳ ರೆಪ್ಪೆಯ ಮೇಲೇ ಬಿದ್ದರೂ ರೆಪ್ಪೆ ಅದುರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಮೆಚ್ಚಿದರು, ಆವಿಸ್ ಒಬ್ಬಳನ್ನು ಬಿಟ್ಟು. ತಲೆ ಬಾಚಿಸಿಕೊಳ್ಳುವಷ್ಟು ಹೊತ್ತೂ ನೆಟ್ಟಗೆ ಕೂರದ ಹುಡುಗಿ ಇದು. ಕಟ್ ಎಂದರು. ಹೆಣ ಏಳಲಿಲ್ಲ.

ಆವಿಸ್ ಹೋಗಿ ಹೊದಿಕೆಯೊಳಗೆ ಕೈ ಹಾಕಿದಳು. ಬಿಸಿನೀರಿನ ಚೀಲ ಇನ್ನೂ ಸುಡುತ್ತಿತ್ತು. ಅದಕ್ಕೆ ಒತ್ತಿಕೊಂಡೇ ಇದ್ದ ಪಾದಗಳು ಮಂಜುಗಡ್ಡೆಯ ಹಾಗಿದ್ದವು. ಹೆಸರು ಹಿಡಿದು ಕರೆದಳು, ಕೆನ್ನೆ ತಟ್ಟಿದಳು, ಭುಜ ಹಿಡಿದು ಅಲುಗಿಸಿದಳು.

ಸೆಟ್ಟಿನ ನರ್ಸ್ ಓಡಿ ಬಂದು ನಾಡಿ ಹಿಡಿದಳು. ನಾಡಿ ಇದೆ, ಆದರೆ ತೀರಾ ನಿಧಾನ ಎಂದಳು. ಸಹಾಯಕ ನಿರ್ದೇಶಕ ಡೆಸ್ಮಂಡ್ ಒಳ್ಳೆಯ ಹುಡುಗ, ಸತ್ತ ಪಾತ್ರ ಮಾಡುವ ಮಕ್ಕಳೆಲ್ಲ ನಿದ್ದೆ ಹೋಗುತ್ತಾರೆ ಎಂದು ಸಮಾಧಾನ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಮುಖವೇ ಬಿಳಿಚಿಕೊಂಡಿತು. ನರ್ಸ್ ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಗುಡ್ಡ ಸುತ್ತಿ, ಕುರಿಮಂದೆ ದಾಟಿ ಬರಬೇಕಿತ್ತು.

ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಆಗ ಆವಿಸ್ ಕೋಣೆಯನ್ನು ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದಳು. ನಿಂತ ಗಡಿಯಾರ. ಮುಚ್ಚಿದ ಕನ್ನಡಿ. ಹಗಲಲ್ಲೇ ಕತ್ತಲೆ ಮಾಡಿದ ಕಿಟಕಿ. ಅವಳು ಚಿಕ್ಕವಳಿದ್ದಾಗ ಅಜ್ಜಿಯ ಅಕ್ಕ ತೀರಿಕೊಂಡ ದಿನ ದೊಡ್ಡವರು ಮನೆಯಲ್ಲಿ ಮಾಡಿದ್ದೂ ಇಷ್ಟೇ. ಈ ಜನ ತಮಗೆ ಗೊತ್ತಿಲ್ಲದೆಯೇ, ಬರೀ ಕ್ಯಾಮೆರಾಕ್ಕೋಸ್ಕರ, ಮನೆಗೆ ಸಾವಿನ ಸಿದ್ಧತೆಯನ್ನೆಲ್ಲ ಮಾಡಿಟ್ಟಿದ್ದರು. ಬೇಕಾಗಿದ್ದದ್ದು ಒಂದು ಹೆಸರು. ಅದನ್ನು ಅವಳೇ ಕೆಲಸದಾಕೆಗೆ ಕೊಟ್ಟಿದ್ದಳು.

"ಕಪ್ಪು ಉಡುಪಿನ ಕೆಲಸದಾಕೆ ಎಲ್ಲಿ?" ಎಂದು ಡೆಸ್ಮಂಡನನ್ನು ಕೇಳಿದಳು.

"ಇವತ್ತು ಆಳುಗಳ ಪಾತ್ರ ಯಾರಿಗೂ ಇಲ್ವಲ್ಲ, ಆವಿಸ್. ಅವರೆಲ್ಲ ಶವಯಾತ್ರೆಗೆ ಬರೋದು, ಗುರುವಾರ."

ಗಡಿಯಾರಗಳನ್ನು ನಡೆಸು, ಕನ್ನಡಿಯ ಬಟ್ಟೆ ಕಿತ್ತು ಹಾಕು, ಕಿಟಕಿಯ ಪರದೆ ತೆಗೆಸು ಎಂದು ಅವಳು ಹೇಳಿದ ರೀತಿಗೆ ಅವನು ಕಾರಣ ಕೇಳುವ ಗೋಜಿಗೆ ಹೋಗಲಿಲ್ಲ. ಬಟ್ಟೆಗಳು ಇಳಿದವು, ಬೆಳಕು ಒಳಗೆ ಬಂತು. ಆದರೆ ಹಜಾರದ ಎತ್ತರದ ಗಡಿಯಾರದ ಲೋಲಕವನ್ನು ಎಷ್ಟು ತೂಗಿ ಬಿಟ್ಟರೂ ಅದು ಎರಡು ಸಲ ಆಡಿ ನಿಂತುಬಿಡುತ್ತಿತ್ತು. ಹುಡುಗಿಯ ತುಟಿ ನೀಲಿಯಾಗುತ್ತಿತ್ತು. ಅವಳನ್ನು ನರ್ಸಿನ ಕೈಗೆ ಒಪ್ಪಿಸಿ ಆವಿಸ್ ತೋಟಕ್ಕೆ ಓಡಿದಳು.

ಅಡಿಗೆಮನೆಯ ತೋಟದ ಕೊನೆಯ ಗೋಡೆಯಲ್ಲಿ ಹಿಂದಿನವರು ಜೇನುಬುಟ್ಟಿ ಇಡಲು ಕೊರೆದ ಗೂಡುಗಳಿದ್ದವು. ಬೇಸಿಗೆಯಲ್ಲಿ ಟ್ಯಾನ್ಸಿ ಆ ಖಾಲಿ ಗೂಡುಗಳಲ್ಲಿ ಗೊಂಬೆ ಕೂರಿಸಿ ಅಂಗಡಿ ಆಟ ಆಡಿದ್ದಳು. ಈಗ ಅವು ಖಾಲಿಯಿರಲಿಲ್ಲ. ಒಂದೊಂದರಲ್ಲೂ ಹುಲ್ಲಿನಿಂದ ಹೆಣೆದ ಬುಟ್ಟಿ, ಬುಟ್ಟಿಗೆ ಕಪ್ಪು ಪಟ್ಟಿ. ಒಂದೇ ಒಂದು ಜೇನುನೊಣವೂ ಹಾರುತ್ತಿರಲಿಲ್ಲ. ಕೊನೆಯ ಗೂಡಿನ ಮುಂದೆ ಕೆಲಸದಾಕೆ ಹಲ್ಲಿನಿಂದ ಪಟ್ಟಿಯ ಗಂಟು ಬಿಗಿಯುತ್ತಿದ್ದಳು.

"ತಪ್ಪಾಗೋಯ್ತು," ಎಂದಳು ಆವಿಸ್ ಏದುಸಿರು ಬಿಡುತ್ತಾ. "ಹುಡುಗಿ ಸತ್ತಿಲ್ಲ. ನಾನು ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ನಮ್ ಕಡೆ ಹಾಗೇ ಮಾತಾಡೋದು."

"ಹೇಳಾಯ್ತಲ್ಲ, ಅಮ್ಮಾವ್ರೇ." ಆಕೆಗೆ ನಿಜವಾಗಿಯೂ ಸಂಕಟವಾದಂತಿತ್ತು. "ಗಡಿಯಾರ ನಿಲ್ಸಿದ್ರಿ, ಕನ್ನಡಿ ಮುಚ್ಚಿದ್ರಿ. ಯಾರೂ ಹೋಗ್ಲಿಲ್ಲ ಅಂತ ಇವಕ್ಕೆ ಹೇಳಕ್ಕಾಗಲ್ಲ. ಯಾರು ಅಂತ ಹೇಳ್ಬೇಕು."

ಒನೋರಿಯಾ ಎಂದು ಹೇಳು, ಅವಳೇ ಸತ್ತವಳು ಎಂದು ಆವಿಸ್ ಅಂಗಲಾಚಿದಳು. ಆ ಹೆಸರಿನವರು ಯಾರೂ ಈ ಮನೆಯಲ್ಲಿ ಉಸಿರಾಡಿಲ್ಲ, ಜೇನಿಗೆ ಅದು ಗೊತ್ತಿರುತ್ತದೆ ಎಂದಳು ಆಕೆ. ಬೇರೆ ಹೆಸರುಗಳೂ ಆವಿಸ್‌ಳ ನಾಲಗೆಯ ತುದಿಗೆ ಬಂದವು, ಸುಳ್ಳೇಕೆ. ಚಳಿಯಲ್ಲಿ ಮಗುವಿಗೆ ಸ್ವೆಟರ್ ಹಾಕಲು ಬಿಡದ ನಿರ್ದೇಶಕಿಯ ಹೆಸರು ಎಲ್ಲಕ್ಕಿಂತ ಮೊದಲು ಬಂತು. ಆದರೆ ಆ ಹೆಂಗಸನ್ನೂ ಹೆತ್ತವಳೊಬ್ಬಳು ಇರುತ್ತಾಳಲ್ಲ. ಹೆಸರನ್ನು ನುಂಗಿಕೊಂಡಳು.

ಕೋಟಿನ ಜೇಬಿಗೆ ಕೈ ಹಾಕಿ ಬೋಲ್ಟನ್ನಿನ ಮನೆಯ ಬೀಗದ ಕೈ ತೆಗೆದಳು. ಅವಳಿಗೆ ಭಯವಾಗಿತ್ತು, ಬಹಳವೇ ಭಯವಾಗಿತ್ತು. ಲೊರೇನ್‌ಗೆ ಕೊಟ್ಟ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೊದಲ ಬುಟ್ಟಿಯನ್ನು ತಟ್ಟಿದಳು.

"ಟ್ಯಾನ್ಸಿ ಅಲ್ಲ. ಆವಿಸ್. ವಿಲ್ಫ್ ಥ್ರೆಲ್‌ಫಾಲ್ ಹೆಂಡ್ತಿ ಆವಿಸ್."

ಬುಟ್ಟಿಯಿಂದ ಬುಟ್ಟಿಗೆ ಹೋಗಿ ಅದನ್ನೇ ಹೇಳಿದಳು. ಕೊನೆಯದನ್ನು ತಟ್ಟಿದಾಗ ಒಳಗೆಲ್ಲೋ ಆಳದಲ್ಲಿ ಗುಂಯ್ ಎಂಬ ಸದ್ದು ಎದ್ದು, ಗೋಡೆಯುದ್ದಕ್ಕೂ ಹರಿದು ಹೋಯಿತು. ವಿಲ್ಫ್ ಹೋದ ದಿನವೂ ಅವು ಹಾಗೆಯೇ ಗುಂಯ್‌ಗುಟ್ಟಿದ್ದವು. ಹೇಳಿದ್ದನ್ನು ಕೇಳಿಸಿಕೊಂಡೆವು ಎಂದರ್ಥ.

"ಮನೆ ಯಾವೂರಲ್ಲಿ, ಅಮ್ಮಾವ್ರೇ?" ಎಂದು ಕೆಲಸದಾಕೆ ಮೆಲ್ಲಗೆ ಕೇಳಿದಳು.

"ಬೋಲ್ಟನ್."

"ಹಾಗಾದ್ರೆ ಅಲ್ಲಿಗೇ ಬರ್ತಾವೆ." ಆಕೆ ಮೊಣಕಾಲು ಬಗ್ಗಿಸಿ ವಂದಿಸಿದಳು. ದೊಡ್ಡ ಮನೆಯ ಆಳು ಯಜಮಾನಿಗೆ ವಂದಿಸುವ ಹಾಗೆ.

ಮನೆಯೊಳಗಿಂದ ಎತ್ತರದ ಗಡಿಯಾರ ಗಂಟೆ ಹೊಡೆಯಿತು. ಆವಿಸ್ ಹಿಂದೆ ತಿರುಗಿ ನೋಡದೆ ಓಡಿದಳು. ಟ್ಯಾನ್ಸಿ ಮಂಚದ ಮೇಲೆ ಎದ್ದು ಕೂತು ಎರಡೂ ಕೈಯಿಂದ ಮೂಗು ಉಜ್ಜಿಕೊಳ್ಳುತ್ತಿದ್ದಳು.

"ಎಷ್ಟೊತ್ತಿಂದ ತುರಿಸ್ತಿತ್ತು ಗೊತ್ತಾ ಅಜ್ಜೀ," ಎಂದಳು, ಅಳು ಒತ್ತರಿಸಿ ಬಂದು. "ಕೈ ಎತ್ತಕ್ಕೇ ಆಗ್ಲಿಲ್ಲ. ನಿನ್ನ ಕರೆಯಕ್ಕೂ ಆಗ್ಲಿಲ್ಲ."

ಆವಿಸ್ ಅವಳನ್ನು ಅಪ್ಪಿಕೊಂಡು, ಬಿಳಿ ಪುಡಿಯೆಲ್ಲ ತನ್ನ ಕೋಟಿಗೆ ಮೆತ್ತಿಕೊಳ್ಳುವವರೆಗೂ ಬಿಡಲಿಲ್ಲ. ಆಂಬುಲೆನ್ಸಿನವರು ಬಂದು ಅಲ್ಲಿ ಇಲ್ಲಿ ಒತ್ತಿ ನೋಡಿ, ಹುಡುಗಿ ಗುಂಡುಕಲ್ಲಿನ ಹಾಗಿದ್ದಾಳೆ, ಹೊಟ್ಟೆ ಹಸಿದಿರಬೇಕು ಎಂದರು. ನಿರ್ದೇಶಕಿ ಬಾಗಿಲ ಬಳಿ ನಿಂತು, ಮುಖದ ಹತ್ತಿರದಿಂದ ಇನ್ನೊಂದೇ ಒಂದು ಶಾಟು ಎಂದು ರಾಗ ಎಳೆದಳು. ಆವಿಸ್ ಅವಳತ್ತ ಒಮ್ಮೆ ನೋಡಿದಳು. ಶಾಟಿನ ಮಾತು ಅಲ್ಲಿಗೇ ನಿಂತಿತು. ಹೊರಡುವಾಗ ಡೆಸ್ಮಂಡನನ್ನು ಕರೆದುಕೊಂಡು ತೋಟದ ಗೋಡೆ ತೋರಿಸಿದಳು. ಗೂಡುಗಳಲ್ಲಿ ಒಣಗಿದ ಎಲೆ ಬಿಟ್ಟು ಇನ್ನೇನೂ ಇರಲಿಲ್ಲ.

ಬೋಲ್ಟನ್ ತಲುಪುವಾಗ ಸಂಜೆಯಾಗಿತ್ತು. ಟ್ಯಾನ್ಸಿ ಅಡಿಗೆಮನೆಯ ಮೇಜಿಗೆ ಕೂತು, ಸುಟ್ಟ ಬ್ರೆಡ್ಡಿನ ಮೇಲೆ ಬೀನ್ಸ್ ಸುರಿದುಕೊಂಡು ತಿನ್ನತೊಡಗಿದಳು. ಆವಿಸ್ ಅಭ್ಯಾಸದಂತೆ ವಿಲ್ಫ್‌ನ ಗೋಡೆ ಗಡಿಯಾರಕ್ಕೆ ಕೀ ಕೊಡಲು ಕುರ್ಚಿ ಎಳೆದುಕೊಂಡಳು.

"ಅಜ್ಜೀ, ತಾತನ ಪೆಟ್ಟಿಗೇಲಿ ಯಾರೋ ಇದಾರೆ," ಎಂದಳು ಟ್ಯಾನ್ಸಿ, ಕಿಟಕಿಯಾಚೆ ಚಮಚ ತೋರಿಸಿ.

ಹಿತ್ತಲಿನ ಹೂಕುಂಡ ನೆಲಕ್ಕೆ ಉರುಳಿತ್ತು. ಖಾಲಿ ಪೆಟ್ಟಿಗೆಯ ಬಾಯಿಯಲ್ಲಿ ಜೇನುಹುಳುಗಳು ಕಪ್ಪಗೆ ಗುಂಪುಗಟ್ಟಿದ್ದವು. ಅಕ್ಟೋಬರಿನ ಚಳಿಯಲ್ಲಿ ಯಾವ ಜೇನೂ ಗೂಡು ಬಿಟ್ಟು ಹೊಸ ಮನೆ ಹುಡುಕಿಕೊಂಡು ಬರುವುದಿಲ್ಲ. ಗಾಜು ಮುಚ್ಚಿದ್ದರೂ ಗುಂಯ್ ಎಂಬ ಸದ್ದು ಒಳಗೆ ಕೇಳುತ್ತಿತ್ತು.

"ಗೊತ್ತು ಚಿನ್ನ. ನೀನು ತಿನ್ನು."

ಆವಿಸ್ ಕುರ್ಚಿಯನ್ನು ಇದ್ದಲ್ಲೇ ಬಿಟ್ಟು ಹಜಾರಕ್ಕೆ ಹೋಗಿ ಮಗಳಿಗೆ ಫೋನು ಮಾಡಿದಳು. ಪಾಳಿ ಮುಗಿದ ತಕ್ಷಣ ಬಂದು ಹುಡುಗಿಯನ್ನು ಕರೆದುಕೊಂಡು ಹೋಗು, ಇವತ್ತು ಅವಳು ಇಲ್ಲಿ ಮಲಗುವುದು ಬೇಡ ಎಂದಳು. ಲೊರೇನ್ ಗಾಬರಿಯಾದಳು.

"ಯಾಕಮ್ಮ, ಮಗೂಗೆ ಹುಷಾರಿಲ್ವಾ?"

"ಹಾಗೇನಿಲ್ಲ ಕಣೇ," ಎಂದಳು ಆವಿಸ್. "ಅವಳು ಚೆನ್ನಾಗಿದಾಳೆ. ತುಂಬಾ ಚೆನ್ನಾಗಿದಾಳೆ."

ಫೋನಿಟ್ಟು, ಗಡಿಯಾರಕ್ಕೆ ಕೀ ಕೊಡದೆ, ಮೊಮ್ಮಗಳ ಪಕ್ಕದಲ್ಲಿ ಬಂದು ಕೂತಳು.