ದೊರೆಯ ಎಡಗಾಲು

"ಎದೆ ಮೇಲೆ ಕೈ ಜೋಡಿಸಿ ಅಂತ ಹೇಳಿ ಎಷ್ಟು ಹೊತ್ತಾಯ್ತು? ಇನ್ನೂ ಎಳೆದಾಡ್ತಾ ಇದ್ದೀರಲ್ಲ!" ಪಾದ್ರಿ ಬಾಗಿಲಲ್ಲಿ ನಿಂತು ಗದರಿದರು.

ಮೇರಿಗ್ ಗ್ವಿಯಾನನ ಹೆಣದ ಬಲಗೈ ಹಿಡಿದು ತಿಣುಕುತ್ತಿದ್ದ. ಬೆರಳುಗಳು ನೆಟ್ಟಗಾಗಲೊಲ್ಲವು. ಎರಡೂ ಅಂಗೈ ಬೋಗುಣಿಯ ಹಾಗೆ ಬಾಗಿ ಸೆಟೆದುಕೊಂಡಿದ್ದವು. ಮೂವತ್ತು ವರ್ಷ ಪ್ರತಿ ಸಂಜೆ ಇಥೆಲ್ ದೊರೆಯ ಪಾದಗಳನ್ನು ಮಡಿಲಲ್ಲಿಟ್ಟು ಹಿಡಿದ ಕೈಗಳು ಅವು. ದೊರೆ ಊಟಕ್ಕೆ ಕೂತಾಗಿನಿಂದ ಮಲಗಲು ಏಳುವ ತನಕ ಗ್ವಿಯಾನನಿಗೆ ಅದೊಂದೇ ಕೆಲಸ. ವೇಲ್ಸಿನ ಯಾವ ದೊರೆಯೂ ಪಾದ ಹಿಡಿಯುವವನಿಲ್ಲದೆ ತುತ್ತು ಎತ್ತುವುದಿಲ್ಲ. ಹಿಡಿದವನಿಗೆ ದೊರೆಯ ತಟ್ಟೆಯಿಂದಲೇ ಊಟ.

"ಸತ್ತ ಮೇಲೂ ಮೆರೀತಾನಲ್ಲ, ಕಳ್ಳ," ಎಂದು ಮೇರಿಗ್ ಹಲ್ಲು ಕಚ್ಚಿಕೊಂಡ.

"ಬಿಡಣ್ಣ, ಹಾಗೇ ಇರ್ಲಿ," ಎಂದಳು ಗ್ವಿಯಾನನ ಹೆಂಡತಿ ಹುನಿತ್. ಅವಳು ಅಳುತ್ತಿರಲಿಲ್ಲ.

ಹೊರಗೆ ಚಟ್ಟ ಎತ್ತುವಾಗ ಜಗಳವೇ ಆಯಿತು. ಹೆಣದ ಕಾಲು ಮುಂದಾಗಿ ಒಯ್ಯುವುದು ರೂಢಿ. ಮುಂದಿನ ಬಲಮೂಲೆಗೆ ಹೆಗಲು ಕೊಟ್ಟವನು ಕೋಟೆಗೋಡೆಯ ಮೇಲೆ ನಿಂತ ದೊರೆಯ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಇವತ್ತು ಸಂಜೆಯೊಳಗೆ ದೊರೆ ಪಾದ ಹಿಡಿಯಲು ಇನ್ನೊಬ್ಬನನ್ನು ಆರಿಸಲೇಬೇಕು. ಆಸ್ಥಾನದಲ್ಲಿ ಮೇಣದಬತ್ತಿ ಹಿಡಿಯುವ ಮೇರಿಗ್ ಆ ಮೂಲೆಗೆ ಕೈ ಹಾಕಿದ. ಬಾಗಿಲು ಕಾಯುವ ಟುಡುರ್ ಕೂಡ ಅಲ್ಲಿಗೇ ಕೈ ಹಾಕಿದ.

"ಏನಣ್ಣಾ, ಬದುಕಿದ್ದಾಗ ಅವನ ಮುಖ ಕಂಡ್ರೆ ಆಗ್ತಿರ್ಲಿಲ್ಲ. ಈಗ ಹೆಗಲು ಕೊಡೋಕೆ ಓಡಿ ಬಂದೆ?" ಎಂದ ಟುಡುರ್.

"ನಿನಗಿಂತ ಇಪ್ಪತ್ತು ವರ್ಷ ಮುಂಚೆ ಗೊತ್ತು ಅವನು ನನಗೆ. ಸರಿ ಪಕ್ಕಕ್ಕೆ."

"ಸೊಂಟ ಉಳುಕೀತು, ನೋಡ್ಕೋ. ಎರಡು ಹೆಣ ಹೊರೋಕೆ ನಮ್ಮ ಕೈಲಾಗಲ್ಲಪ್ಪಾ."

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಮೇರಿಗ್ ಮೂಲೆ ಬಿಡಲಿಲ್ಲ. ಕಡಿದಾದ ದಾರಿಯಲ್ಲಿ ಹೆಗಲು ಕಿತ್ತುಬರುವಂತಿದ್ದರೂ ಕತ್ತೆತ್ತಿ ಗೋಡೆಯ ಕಡೆ ನೋಡುತ್ತಲೇ ಇಳಿದ. ದೊರೆ ಅಲ್ಲಿರಲಿಲ್ಲ.

\*

ಇಥೆಲ್ ದೊರೆಯ ಅಜ್ಜ ಈ ಬಂಡೆಯ ಮೇಲೆ ಮರದ ಕೋಟೆ ಕಟ್ಟಿದ. ಅಪ್ಪ ಅದನ್ನು ಕಿತ್ತು ಕಲ್ಲಿನದು ಕಟ್ಟಿದ. ಮಕ್ಕಳು ಅದಕ್ಕಾಗಿ ಒಬ್ಬರನ್ನೊಬ್ಬರು ಇರಿದುಕೊಂಡರು. ವಂಶದ ಚರಿತ್ರೆ ಇಷ್ಟೇ. ಆಸ್ಥಾನದ ಕವಿ ಮಾತ್ರ ಅದನ್ನು ಮೂರು ಸಂಜೆ ಎಳೆದು ಹಾಡುತ್ತಾನೆ.

ಅಣ್ಣ ಕಾಡೆಲ್ ಕೋಟೆಗೆ ನುಗ್ಗಿದ ಚಳಿಗಾಲದ ಬೆಳಗಿನ ಜಾವ ಇಥೆಲ್ ಹಿಂಬಾಗಿಲಿಂದ ಬರಿಗಾಲಲ್ಲಿ ಓಡಿದ. ಜೊತೆಗಿದ್ದವರು ಇಬ್ಬರೇ ಆಳುಗಳು. ಮೇರಿಗ್ ಪಂಜು ಹಿಡಿದು ಮುಂದೆ ಮುಂದೆ ಹಿಮ ತುಳಿದು ದಾರಿ ಮಾಡಿದ. ಗ್ವಿಯಾನ್ ಏದುಸಿರು ಬಿಡುತ್ತ ಹಿಂದೆ ಬಂದ. ಕುರುಬರ ಗುಡಿಸಲು ಸೇರಿದಾಗ ಮೇರಿಗ್ ಒದ್ದೆ ಸೌದೆ ಊದಿ ಊದಿ ಬೆಂಕಿ ಮಾಡಿದ. ತಿರುಗಿ ನೋಡಿದರೆ ಗ್ವಿಯಾನ್ ಅಂಗಿ ಎತ್ತಿ ಇಥೆಲನ ಮರಗಟ್ಟಿದ ಪಾದಗಳನ್ನು ತನ್ನ ಬರೀ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ. ಎಡಗಾಲಿನ ಎರಡು ಬೆರಳು ಹೋದವು, ಕಾಲು ಉಳಿಯಿತು.

ಎರಡು ವರ್ಷದ ಮೇಲೆ ಇಥೆಲ್ ಕೋಟೆ ಗೆದ್ದು, ಅಣ್ಣನ ಕಣ್ಣು ಕೀಳಿಸಿ, ಅಪ್ಪನ ಪೀಠದಲ್ಲಿ ಕೂತ. ಕೂತವನೇ, "ಗ್ವಿಯಾನ್, ಬಾ, ಕಾಲು ಹಿಡಿ," ಎಂದ. ಮೇರಿಗ್ ಕಡೆ ನೋಡಿ, "ನೀನು ದೀಪ ಹಿಡಿಯೋದ್ರಲ್ಲಿ ಗಟ್ಟಿಗ," ಎಂದ. ಆವತ್ತು ಮೇರಿಗ್ ಹೊಟ್ಟೆಗೆ ಬಿದ್ದ ಕಿಚ್ಚು ಮೂವತ್ತು ವರ್ಷ ಆರಲಿಲ್ಲ. ಬೆಂಕಿ ಮಾಡಿದವನು ನಾನು, ಬಿಸಿ ಕೊಟ್ಟ ಹೆಸರು ಅವನಿಗೆ!

\*

ಸಮಾಧಿಗೆ ದೊರೆ ಕುದುರೆಯ ಮೇಲೆ ಬಂದ. ಮಣ್ಣು ಹಾಕಿ ಮುಗಿಯುವವರೆಗೂ ಇಳಿಯಲಿಲ್ಲ. ಆಮೇಲೆ ಸುತ್ತ ಕಣ್ಣಾಡಿಸಿ, "ಇವತ್ತಿನಿಂದ ಮೇರಿಗ್ ಕೂರಲಿ. ಬತ್ತಿ ಟುಡುರ್ ಹಿಡೀಲಿ," ಎಂದಷ್ಟೇ ಹೇಳಿ ಕುದುರೆ ತಿರುಗಿಸಿದ.

ಮೇರಿಗ್‌ಗೆ ನೆಲ ಕಾಲಿಗೆ ಸಿಗದಂತಾಯಿತು. ಸತ್ತವನ ಮನೆಯಲ್ಲಿ ಕೂತು ಹುನಿತ್ ಕೊಟ್ಟ ಓಟ್ಸ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತ, ಬಂದವರಿಗೆಲ್ಲ ತನ್ನ ಹಳೆಯ ಕತೆ ಶುರು ಹಚ್ಚಿದ. ಒಂದು ಸಲ ಕವಿ ವಂಶಾವಳಿ ಹಾಡುತ್ತಿದ್ದಾಗ ತನ್ನ ಬತ್ತಿಯ ಮೇಣ ದೊರೆಯ ಮುಂಗೈ ಮೇಲೆ ಬಿತ್ತು. ದೊರೆ ಚಾಕು ಎಳೆದ.

"ನಾನು ಹೆದರಲಿಲ್ಲ. ಪ್ರಭೂ, ಬೆಳಕಿಗೂ ನಿಮ್ಮ ಕೈಗೆ ಮುತ್ತಿಡೋ ಆಸೆ ಅಂದೆ. ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ, ಕಣ್ಣಲ್ಲಿ ನೀರು! ಮಾತು ಗೊತ್ತಿದ್ರೆ ತಲೆ ಉಳಿಯುತ್ತೆ ಕಣ್ರಯ್ಯಾ."

"ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೀನಿ," ಎಂದ ಟುಡುರ್, "ಅದರಲ್ಲಿ ನಗೋಕೆ ಏನಿದೆ ಅಂತ ಇನ್ನೂ ಗೊತ್ತಾಗಿಲ್ಲ."

"ನಿನ್ನ ತಲೆಗೆ ಅದು ಹತ್ತಲ್ಲ ಬಿಡು."

ಎಲ್ಲರೂ ಎದ್ದುಹೋದ ಮೇಲೆ ಹುನಿತ್ ಗೂಡಿನಿಂದ ಒಂದು ಪುಟ್ಟ ಮಡಕೆ ತಂದು ಅವನ ಮುಂದಿಟ್ಟಳು. ಅದರಲ್ಲಿ ಬಾತುಕೋಳಿಯ ಕೊಬ್ಬಿತ್ತು.

"ಎಡಗಾಲಿಗೆ ದಿನಾ ಸವರ್ಬೇಕು. ಬೆರಳು ಹೋದ ಜಾಗ ಚಳಿಗೆ ಬಿರಿಯುತ್ತೆ. ಇನ್ನೊಂದು ಮಾತು ಇದೆ ಅಣ್ಣ, ಯಾರಿಗೂ ಹೇಳ್ಬೇಡ. ಅದೇ ಅಂಗಾಲಿನ ನಡುವೆ ಒಂದು ಗುಳಿ ಇದೆ. ದೊರೆಗೆ ಸಿಟ್ಟು ಬಂದಾಗ ಅಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಕೆರೆದ್ರೆ ಅವರಿಗೆ ನಗು ತಡೆಯೋಕಾಗಲ್ಲ. ಎಷ್ಟು ಜನರ ಕೈ, ಎಷ್ಟು ಜನರ ಕಣ್ಣು ಅದರಿಂದ ಉಳಿದಿದೆ ಅಂತ ಇವನಿಗೊಬ್ಬನಿಗೇ ಗೊತ್ತಿತ್ತು."

ಮೇರಿಗ್ ಬಾಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. "ಆವತ್ತು... ಆ ಮೇಣ ಬಿದ್ದ ದಿನ?"

"ಹೂಂ. ಮನೆಗೆ ಬಂದಾಗ ಬೆವರು ಇಳೀತಿತ್ತು. ಮೇರಿಗ್ ಕೈ ಹೋಗಿಬಿಡ್ತಿತ್ತು ಕಣೇ ಅಂದ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ನಾನು ಊರೆಲ್ಲ ಕೊಚ್ಚಿಕೊಂಡು ತಿರುಗಿದೆನಲ್ಲ!"

"ನಾನೂ ಕೇಳ್ದೆ. ಮೇರಿಗ್‌ಗೆ ಆ ಮಾತು ಹೇಳ್ಕೊಳ್ಳೋದ್ರಲ್ಲೇ ಸುಖ, ಇರ್ಲಿ ಬಿಡು ಅಂದ. ಅವನಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಗೊತ್ತಾ? ಮೇರಿಗ್ ನಿಂತಿರ್ತಾನೆ, ಎಲ್ಲರ ಮುಖ ನೋಡ್ತಾನೆ, ನನಗೆ ಕಾಣೋದು ಮೇಜಿನ ಅಡಿ, ನಾಯಿ, ಮೂಳೆ ಅನ್ನೋನು." ಅವಳು ತನ್ನ ಒಡೆದ ಹಿಮ್ಮಡಿ ನೋಡಿಕೊಂಡಳು. "ನನಗೆ ಹೊಟ್ಟೆ ಉರಿದದ್ದು ಆ ಕಾಲುಗಳ ಮೇಲೆ. ಮನೆಗೆ ಬಂದ್ರೆ ಕೈ ಸೋತಿದೆ ಅಂತ ಮಲಗೋನು. ನನ್ನ ಕಾಲು ಒಂದಿನ ಮುಟ್ಟಲಿಲ್ಲ."

ಮೇರಿಗ್ ಮಡಕೆ ಎತ್ತಿಕೊಂಡು ಎದ್ದ. ನಾಚಿಕೆಯಾಗಬೇಕಿತ್ತು. ಆದರೆ ಮೈಯೆಲ್ಲ ಉರಿಯಿತು. ತನ್ನದು ಅಂತ ಇದ್ದದ್ದು ಆ ಒಂದು ಮಾತು. ಅದನ್ನೂ ಹೊಡೆದುಕೊಂಡು ಹೋದನಲ್ಲ!

\*

ಸಂಜೆ ದೊರೆಯ ಎರಡು ಪಾದಗಳು ಅವನ ಮಡಿಲಿಗೆ ಬಂದವು. ಇಷ್ಟು ಭಾರ ಇರಬಹುದೆಂದು ಅವನು ಎಣಿಸಿರಲಿಲ್ಲ. ಕವಿ ಅಜ್ಜನ ಮರದ ಕೋಟೆಯಿಂದ ಹಾಡು ಶುರುಮಾಡಿದ. ಒಂದು ಮೂಳೆ ಉರುಳಿ ಬಂತು, ಹಿಂದೆಯೇ ನಾಯಿ ಬಂತು. ಮೇರಿಗ್‌ಗೆ ಕಾಣುತ್ತಿದ್ದದ್ದು ಟುಡುರನ ಮೊಣಕಾಲು, ಕತ್ತು ಹೊರಳಿಸಿದರೆ ಅವನ ಗದ್ದ ಮತ್ತು ಬತ್ತಿ. ಬತ್ತಿ ನಡುಗುತ್ತಿತ್ತು.

ಕವಿ ಕಾಡೆಲನ ಹೆಸರಿಗೆ ಬಂದಾಗ ದೊರೆಯ ಕೈ ಮೇಲೆ ಮೇಣ ಬಿತ್ತು. ಮುಖ ನೋಡದೆಯೇ ಮೇರಿಗ್‌ಗೆ ಗೊತ್ತಾಯಿತು. ಕೈಯೊಳಗಿನ ಪಾದ ಕಲ್ಲಾಯಿತು. ಮೇಲೆ ಚಾಕು ಮೇಜಿಗೆ ಉಜ್ಜಿದ ಸದ್ದು, ಆಮೇಲೆ ಟುಡುರನ ತೊದಲು:

"ಪ್ರ... ಪ್ರಭೂ, ಬೆಳಕಿಗೂ ನಿಮ್ಮ ಕೈಗೆ ಮುತ್ತಿಡೋ ಆಸೆ."

ನನ್ನ ಮಾತು! ಬೆಳಗ್ಗೆ ಹಂಗಿಸಿದ ಬಾಯಲ್ಲೇ! ಮೇರಿಗ್ ಹೆಬ್ಬೆರಳು ಗುಳಿಯ ಹತ್ತಿರ ಬಂದು ನಿಂತಿತು. ಸುಮ್ಮನಿದ್ದರೆ ಸಾಕು. ಆ ಮಾತಿನಲ್ಲಿ ಏನೂ ಇಲ್ಲವೆಂದು ಟುಡುರನಿಗೆ ಈಗಲೇ ತಿಳಿಯುತ್ತದೆ. ಆಸ್ಥಾನಕ್ಕೂ ತಿಳಿಯುತ್ತದೆ. ಬತ್ತಿ ಹಿಡಿದ ಕೈಯ ನೆರಳು ಗೋಡೆಯ ಮೇಲೆ ಗಡಗಡ ಅಲುಗುತ್ತಿತ್ತು.

ಅವನು ಕೆರೆದ.

ದೊರೆ ಒಮ್ಮೆ ಬಿಗಿದು, ಕೆಮ್ಮಿ, ಆಮೇಲೆ ಮೇಜು ಗುದ್ದಿ ಗುದ್ದಿ ನಗತೊಡಗಿದ. ಆಸ್ಥಾನವೆಲ್ಲ ನಕ್ಕಿತು. ಟುಡುರ್ ಎದೆ ಉಬ್ಬಿಸಿಕೊಂಡು ಸುತ್ತ ನೋಡಿದ, ಆಮೇಲೆ ಕೆಳಗೆ ನೋಡಿದ. ಆ ಕಣ್ಣುಗಳಲ್ಲಿದ್ದ ಕಿಚ್ಚನ್ನು ಮೇರಿಗ್ ಮೂವತ್ತು ವರ್ಷ ತನ್ನ ಕಣ್ಣಲ್ಲೇ ಇಟ್ಟುಕೊಂಡಿದ್ದ.

ದೊರೆ ತನ್ನ ತಟ್ಟೆಯಿಂದ ಒಂದು ತುಂಡು ಮಾಂಸ ಕೆಳಗೆ ಚಾಚಿದ. ಅದನ್ನು ತೆಗೆದುಕೊಳ್ಳಲು ಮೇರಿಗ್ ಬಲಗೈ ಎತ್ತಿದ. ಪಾದ ಬಿಟ್ಟ ಮೇಲೂ ಅಂಗೈ ಬೋಗುಣಿಯ ಹಾಗೇ ಬಾಗಿಕೊಂಡಿತ್ತು.